ಏಳರಲ್ಲಿ ಏಳು

ದಸರೆಯ ಬೆಳಿಗ್ಗೆ ಎಂಟು ಗಂಟೆಗೆ ಉಜ್ವಲಾ ಡೋಂಗರದಿವೆ ಬಿಳಿ ಸೀರೆ ಉಟ್ಟುಕೊಂಡೇ ಬೀಜದ ಕಂಪನಿಯ ಸರ್ವರ್ ಕೋಣೆಗೆ ಬಂದಳು. ಜಾಲನಾ ಬಸ್‌ಸ್ಟ್ಯಾಂಡಿನಲ್ಲಿ ಅವಳ ಅವ್ವ ಬುತ್ತಿ ಕಟ್ಟಿಕೊಂಡು ಕಾಯುತ್ತಿದ್ದಳು. ಒಂಬತ್ತರ ಬಸ್ಸಿಗೆ ಇಬ್ಬರೂ ಔರಂಗಾಬಾದಿನ ಬುದ್ಧವಿಹಾರಕ್ಕೆ ಹೋಗಬೇಕು. ತಮ್ಮವರು ಬೌದ್ಧಧರ್ಮಕ್ಕೆ ಬಂದದ್ದು ದಸರೆಯಂದೇ; ಅಪ್ಪ ಇದ್ದಾಗಿನಿಂದ ಈ ದಿನ ತಪ್ಪಿಸಿದ್ದಿಲ್ಲ. ಇಲ್ಲಿ ಕೆಲಸ ಹತ್ತು ನಿಮಿಷದ್ದು. ನಿನ್ನೆ ಖಂಡೇನವಮಿಯ ಆಯುಧಪೂಜೆಗೆಂದು ಆರಿಸಿದ್ದ ಯಂತ್ರವನ್ನು ಮತ್ತೆ ಹಚ್ಚುವುದು, ಹಸಿರು ದೀಪ ನೋಡುವುದು, ಬಾಗಿಲಿಗೆ ಬೀಗ ಹಾಕುವುದು.

ಯಂತ್ರದ ನೆತ್ತಿಯ ಮೇಲಿನ ಚೆಂಡುಹೂವಿನ ಮಾಲೆ ಬಾಡಿತ್ತು. ಮುಖಕ್ಕೆ ಅರಿಶಿನದ ಐದು ಬೆರಳು, ನಡುವೆ ಕುಂಕುಮ. ಅವಳು ಗುಂಡಿ ಒತ್ತಿದಳು. ಫ್ಯಾನುಗಳು ಗುರ್ ಎಂದವು. ಸಾಲಾಗಿ ಕೂತ ಡಿಸ್ಕುಗಳ ದೀಪಗಳು ಒಂದೊಂದಾಗಿ ಹಸಿರಾದವು. ಎರಡು ಮಾತ್ರ ಆಗಲಿಲ್ಲ. ಒಂದು ಕಿತ್ತಳೆ ಬಣ್ಣಕ್ಕೆ ಬಂದು ಅಲ್ಲೇ ನಿಂತಿತು. ಇನ್ನೊಂದರ ಒಳಗಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಬಿಟ್ಟು ಬಿಟ್ಟು ಸದ್ದು ಬರತೊಡಗಿತು.

ಒಂದು ಡಿಸ್ಕ್ ಸತ್ತರೆ ಉಳಿದವು ಅದರ ಪಾಲನ್ನೂ ಹೊತ್ತುಕೊಂಡು ನಡೆಯುತ್ತವೆ. ಎರಡು ಒಟ್ಟಿಗೆ ಸತ್ತರೆ ಎಲ್ಲವೂ ಸತ್ತ ಹಾಗೆ. ಎಂಟು ವರ್ಷ ಒಂದೇ ಸಮ ತಿರುಗಿದ ಡಿಸ್ಕು ಒಮ್ಮೆ ನಿಂತು ತಣ್ಣಗಾದರೆ ಮತ್ತೆ ತಿರುಗದೆ ಹೋಗಬಹುದು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಪ್ರತಿ ಖಂಡೇನವಮಿಗೆ ಪರದೆಯನ್ನಷ್ಟೇ ಆರಿಸಿ, ಯಂತ್ರ ಮಲಗಿದೆ ಎಂದು ಎಲ್ಲರೂ ನಂಬುವಂತೆ ನೋಡಿಕೊಳ್ಳುತ್ತಿದ್ದಳು. ಈ ವರ್ಷ ಕುಂಕುಮ ಹಚ್ಚಲು ಬಂದ ಕಂಪನಿಯ ಮಾಲೀಕ ಮುಂದಡಾ ಶೇಠರು ಯಂತ್ರದ ಮೇಲೆ ಅಂಗೈ ಇಟ್ಟುಬಿಟ್ಟರು. ಬೆಚ್ಚಗಿದೆಯಲ್ಲ ಎಂದರು. ಆಯುಧ ಕೆಳಗಿಡುವ ದಿನ ಇದೊಂದಕ್ಕೇ ಯಾಕೆ ದುಡಿತ ಎಂದು ಕೇಳಿದರು. ಪಕ್ಕದಲ್ಲಿದ್ದ ಮ್ಯಾನೇಜರ್ ಪರಾಗ ಜಹಾಗೀರದಾರ ಕೂಡಲೇ ಉಜ್ವಲಾಳ ಕಡೆ ಹುಬ್ಬು ಹಾರಿಸಿದ. ಅವಳು ಆರಿಸಿದಳು.

ಮೂರನೆಯ ಸಲ ಹಚ್ಚಿದಾಗಲೂ ಅದೇ ಸದ್ದು. ಅವ್ವನಿಗೆ ಫೋನು ಮಾಡಿ, ಈ ಸಲ ಒಬ್ಬಳೇ ಹೋಗಿ ಬಾ ಎಂದಳು.

ಅಷ್ಟಾದರೂ ಆ ಗಳಿಗೆಯಲ್ಲಿ ಅವಳು ಹೆದರಲಿಲ್ಲ. ಡಿಸ್ಕುಗಳು ಸಾಯುವುದು ಹೊಸ ಮಾತಲ್ಲ. ಆ ಕಬ್ಬಿಣದ ಪೆಟ್ಟಿಗೆಯ ಹೊಟ್ಟೆಯಲ್ಲಿ ಏಳು ಸರ್ವರುಗಳಿದ್ದವು. ಕಣ್ಣಿಗೆ ಕಾಣುವುದು ಒಂದೇ ಯಂತ್ರ, ಒಳಗೆ ಅದು ಏಳು ಯಂತ್ರಗಳ ಹಾಗೆ ನಡೆದುಕೊಳ್ಳುತ್ತಿತ್ತು. ಒಂದು ಇಮೇಲ್ ನೋಡಿಕೊಂಡರೆ ಇನ್ನೊಂದು ಹಾಜರಿ ನೋಡಿಕೊಳ್ಳುತ್ತಿತ್ತು. ಏಳನೆಯದು ಬ್ಯಾಕಪ್ ಸರ್ವರ್. ಉಳಿದ ಆರರ ನಕಲನ್ನು ದಿನಕ್ಕೊಮ್ಮೆ ತೆಗೆದು, ಪರರು ಓದಲಾಗದ ಗೂಢಲಿಪಿಗೆ ತಿರುಗಿಸಿ, ಹಿತ್ತಲ ಗೋದಾಮಿನಲ್ಲಿಟ್ಟ ಬೇರೊಂದು ಪೆಟ್ಟಿಗೆಗೆ ಕಳಿಸುವುದು ಅದರ ಕೆಲಸ. ಗೋದಾಮಿನ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಹೋಗಿ ನೋಡಿ ಬಂದಳು. ಮೊನ್ನೆಯವರೆಗಿನ ನಕಲುಗಳು ಒಂದೂ ತಪ್ಪದೆ ಅಲ್ಲಿದ್ದವು.

ಕೋಣೆಗೆ ಮರಳಿ ಬರುವ ದಾರಿಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ, ಅವಳ ಕಾಲು ನಿಂತವು.

ಗೂಢಲಿಪಿ ಬಿಚ್ಚಲು ಒಂದು ಕೀಲಿ ಬೇಕು. ಅರವತ್ತನಾಲ್ಕು ಅಕ್ಷರ, ಅಂಕಿಗಳ ಒಂದು ಸಾಲು. ಅದು ಏಳನೆಯ ಸರ್ವರಿನ ಒಳಗಿತ್ತು. ಏಳನೆಯ ಸರ್ವರ್ ಸತ್ತ ಡಿಸ್ಕುಗಳ ಮೇಲಿತ್ತು. ಏಳನೆಯದರ ನಕಲೂ ಗೋದಾಮಿನಲ್ಲಿತ್ತು ನಿಜ. ಅದೂ ಅದೇ ಕೀಲಿಯಿಂದ ಮುಚ್ಚಿದ್ದು.

ಅಲ್ಲೇ ಟ್ಯಾಂಕಿನ ಕಟ್ಟೆಗೆ ಕೈ ಊರಿ ನಿಂತಳು. ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ನೆನಪಾದದ್ದು ಮಾರ್ಚ್ ತಿಂಗಳ ಒಂದು ಫಾರ್ಮು.

ಆಗ ಕಂಪನಿಗೆ ಯಾವುದೋ ಗುಣಮಟ್ಟದ ಪ್ರಮಾಣಪತ್ರ ಬೇಕಾಗಿತ್ತು. ಪರೀಕ್ಷಕರು ಬರುವ ಮೊದಲು ತುಂಬಿಡಬೇಕಾದ ಫಾರ್ಮಿನಲ್ಲಿ ಎರಡು ಮನೆಗಳಿದ್ದವು: ಒಟ್ಟು ಸರ್ವರುಗಳೆಷ್ಟು, ಬ್ಯಾಕಪ್ ಆಗುವವು ಎಷ್ಟು. ಉಜ್ವಲಾ ಏಳು, ಆರು ಎಂದು ಬರೆದಳು. ಜಹಾಗೀರದಾರ ಅದನ್ನು ಬೆರಳಲ್ಲಿ ಎತ್ತಿ ತೋರಿಸಿ, ಅವಳೇನೋ ಬಸ್ಸಿನಲ್ಲಿ ಒಂದು ಮಗುವನ್ನು ಮರೆತು ಬಂದವಳಂತೆ ನೋಡಿದ.

ಅವಳು ಬಿಡಿಸಿ ಹೇಳಿದಳು. ಏಳನೆಯದೇ ಉಳಿದವುಗಳ ನಕಲು ತೆಗೆಯುವ ಯಂತ್ರ. ಅದು ತನ್ನ ನಕಲನ್ನು ತಾನೇ ತೆಗೆದರೆ, ಬೇಕಾದಾಗ ಅದನ್ನು ಬಿಚ್ಚಲು ಯಾರು ಇರುತ್ತಾರೆ? ಅದಕ್ಕೇ ಅದನ್ನು ಬೇಕೆಂದೇ ಹೊರಗಿಟ್ಟಿದ್ದೇನೆ. ಅದರ ಕೀಲಿ, ಅದರ ವ್ಯವಸ್ಥೆಯ ಪೂರ್ತಿ ವಿವರ ಪ್ರತಿ ಶನಿವಾರ ಪೆನ್‌ಡ್ರೈವಿಗೆ ಇಳಿಸುತ್ತೇನೆ. ಕೀಲಿಯನ್ನು ಕಾಗದಕ್ಕೂ ಇಳಿಸಿ, ಲಕೋಟೆಯಲ್ಲಿಟ್ಟು ನಿಮ್ಮದೇ ತಿಜೋರಿಗೆ ಹಾಕಿದ್ದೇನೆ. ಇದು ಆರು ಅಲ್ಲ ಸರ್, ಏಳೇ. ಆದರೆ ಏಳನೆಯದರ ದಾರಿ ಬೇರೆ.

"ತಾಈ," ಎಂದು ಅಕ್ಕನನ್ನು ಕರೆದಂತೆ ಕರೆದ ಜಹಾಗೀರದಾರ, "ನೀವು ಹೇಳೂದು ನನಗ ತಿಳೀತದ. ಫಾರ್ಮಿಗೆ ತಿಳಿಯೂದಿಲ್ಲ. ಏಳರಾಗ ಆರು ಅಂದ್ರ ಕೆಂಪು ಗೆರಿ ಬೀಳ್ತದ."

"ತನ್ನ ಹೆಗಲ ಮ್ಯಾಲ ತಾನ ಹತ್ತಿ ಕೂಡಾಕ ಆಗ್ತದೇನ್ರಿ ಸರ್?"

"ಹತ್ತಿಸಾವರು ಪುಣೇದಾಗ ಅದಾರ," ಅಂದ ಅವನು ನಗುತ್ತ.

ಮುಂದಿನ ವಾರ ಅವ್ವನ ಕಣ್ಣಿನ ಪೊರೆ ತೆಗೆಸಲು ಅವಳು ನಾಲ್ಕು ದಿನ ರಜೆ ಹಾಕಿದಳು. ಮರಳಿ ಬಂದಾಗ ಪುಣೆಯ ಸೇವಾ ಕಂಪನಿಯವರು ದೂರದಿಂದಲೇ ಏಳನೆಯ ಸರ್ವರನ್ನೂ ಪಟ್ಟಿಗೆ ಸೇರಿಸಿ ಹೋಗಿದ್ದರು. ಪರದೆಯ ಮೇಲೆ ಏಳು ಹಸಿರು ಚುಕ್ಕೆ.

ಅಷ್ಟಕ್ಕೇ ಮುಗಿದಿದ್ದರೂ ಇಂದು ಈ ಗತಿ ಬರುತ್ತಿರಲಿಲ್ಲ. ಏಳನೆಯದೂ ಸುರಕ್ಷಿತ ಎಂದಾದ ಮೇಲೆ ಪೆನ್‌ಡ್ರೈವ್ ಯಾಕೆ ಎಂಬ ಪ್ರಶ್ನೆ ಎದ್ದಿತು. ಪೆನ್‌ಡ್ರೈವ್ ಇದ್ದರೆ ಅದಕ್ಕೊಂದು ಕೆಂಪು ಗೆರೆ. ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟರೆ ಇನ್ನೊಂದು. ಜಹಾಗೀರದಾರ ತಿಜೋರಿಯಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಕಾಗದ ಚೂರು ಮಾಡುವ ಯಂತ್ರ. ಆಜ್ಞೆಯನ್ನು ಇಮೇಲ್ ಮಾಡಿದ್ದೇನೆ, ನೋಡಿಕೊಳ್ಳಿ ಎಂದ.

ಅದನ್ನು ಆ ಯಂತ್ರದ ಬಾಯಿಗೆ ಕೊಟ್ಟದ್ದು ಮಾತ್ರ ಉಜ್ವಲಾಳ ಕೈ. ವಾರವೆಲ್ಲ ವಾದಿಸಿ ಸಾಕಾಗಿತ್ತು. ಅವ್ವನ ಕಣ್ಣಿಗೆ ದಿನಕ್ಕೆ ಆರು ಸಲ ಹನಿ ಹಾಕಬೇಕಿತ್ತು. ಆಗಲಿ ಮಾರಾಯ ಎಂದು ಲಕೋಟೆ ತಳ್ಳಿದಳು, ಪೆನ್‌ಡ್ರೈವನ್ನೂ ಮುರಿದು ಹಾಕಿದಳು, ಫಾರ್ಮಿನ ಕೆಳಗೆ ಸಹಿ ಹಾಕಿದಳು.

ಈಗ ಅದೆಲ್ಲ ನೆನಪಾಗಿ ಅವಳಿಗೆ ಜಹಾಗೀರದಾರನ ಮೇಲೆ ಬಂದ ಸಿಟ್ಟು ಅರ್ಧದಾರಿಯಲ್ಲಿ ತಿರುಗಿ ತನ್ನ ಮೇಲೇ ಬಂದು ಕೂತಿತು. ಅವನು ಪೂರ್ತಿ ತಿಳಿಯದೆ ಮಾಡಿದ. ತಾನು ತಿಳಿದು ಮಾಡಿದವಳು.

ಎಚ್ಚರಿಕೆಯೂ ಸಿಕ್ಕಿತ್ತು. ಜುಲೈನಲ್ಲಿ ಒಂದು ದಿನ ಏಳನೆಯ ಸರ್ವರ್ ನಡುವೆಯೇ ಕಲ್ಲಾಗಿ ನಿಂತಿತ್ತು. ನಕಲು ತೆಗೆಯುವ ಹೊತ್ತಿನಲ್ಲಿ ಸರ್ವರ್ ಒಂದು ಕ್ಷಣ ಅಲ್ಲಾಡದೆ ನಿಲ್ಲಬೇಕು, ಫೋಟೋ ತೆಗೆಸಿಕೊಳ್ಳುವವರು ನಿಂತ ಹಾಗೆ. ಇಲ್ಲಿ ಅಲ್ಲಾಡದೆ ನಿಂತದ್ದೂ ಅದೇ, ಫೋಟೋ ತೆಗೆಯಬೇಕಾದದ್ದೂ ಅದೇ. ನಿಂತದ್ದು ನಿಂತೇ ಬಿಟ್ಟಿತು. ಪುಣೆಯವರು ಏನೋ ಬದಲಿಸಿದರು. ಚುಕ್ಕೆ ಮತ್ತೆ ಹಸಿರಾಯಿತು. ಏಳನೆಯದರ ನಕಲನ್ನು ಒಮ್ಮೆ ಬಿಚ್ಚಿ ನೋಡೋಣ, ಅದಕ್ಕೊಂದು ಬೇರೆ ಯಂತ್ರ ಕೊಡಿ ಎಂದು ಉಜ್ವಲಾ ಕೇಳಿದ್ದಳು. ದೀಪಾವಳಿ ಆದ ಮೇಲೆ ನೋಡೋಣ ಎಂದಿದ್ದ ಜಹಾಗೀರದಾರ.

ಒಂಬತ್ತೂವರೆಗೆ ಪುಣೆಯ ಇಂಜಿನಿಯರ್ ಕೇತಕೀ ಬಾಪಟ್ ಫೋನಿಗೆ ಸಿಕ್ಕಳು. ಹಬ್ಬದ ಅಡಿಗೆಯ ನಡುವಿನಿಂದ ಬಂದವಳ ಹಿಂದೆ ಕುಕ್ಕರ್ ಕೂಗುತ್ತಿತ್ತು. ಆದದ್ದನ್ನೆಲ್ಲ ಕೇಳಿಸಿಕೊಂಡು, ಚಿಂತೆ ಬೇಡ, ಹೊಸ ಯಂತ್ರದ ಮೇಲೆ ಬ್ಯಾಕಪ್ ಸರ್ವರ್ ಹಾಕಿ ಗೋದಾಮಿನ ಪೆಟ್ಟಿಗೆಗೆ ಜೋಡಿಸೋಣ, ಕೀಲಿ ಒಂದು ಕೊಡಿ ಎಂದಳು. ಕೀಲಿ ಎಲ್ಲಿದೆ ಎಂದು ಉಜ್ವಲಾ ಹೇಳಿದಳು. ಆ ಕಡೆ ಒಲೆ ಆರಿಸಿದ ಸದ್ದು ಕೇಳಿತು.

"ಹೊರಗಿನ ಕಾಪಿ ಇಟ್ಟಿರ್ತೀರಿ ಅಂತ ನಾವು ತಿಳಕೊಂಡಿದ್ವಿ," ಅಂದಳು ಕೇತಕೀ.

"ತಿಳಕೊಂಡ್ರಿ. ಒಮ್ಮೆರೆ ಕೇಳಿದ್ರೇನು?"

ಗೂಢಲಿಪಿಯನ್ನು ಕೀಲಿಯಿಲ್ಲದೆ ಬಿಚ್ಚುವ ದಾರಿ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇದ್ದಿದ್ದರೆ ಅದು ಗೂಢಲಿಪಿಯೇ ಆಗುತ್ತಿರಲಿಲ್ಲ. ಅರವತ್ತನಾಲ್ಕರಲ್ಲಿ ಉಜ್ವಲಾಳಿಗೆ ನೆನಪಿದ್ದದ್ದು ಮೊದಲಿನ ಐದು, ಕೊನೆಯ ಎರಡು.

ಹತ್ತು ಗಂಟೆಗೆ ಡಾಕ್ಟರ್ ದಗಡೂಬಾ ಶೆಜುಳ ಹೊಲದಿಂದ ನೇರ ಅವಳ ಕೋಣೆಗೆ ಬಂದರು. ಪ್ಯಾಂಟಿನ ಅಂಚಿಗೆ ಕೆಸರು, ತಲೆಗೆ ಟವೆಲು. ಐವತ್ತೆಂಟು ದಾಟಿದ ಅವರು ಹತ್ತಿಯ ತಳಿ ಕಟ್ಟುವವರು. ಪಟ್ಟಿ ಯಾಕೆ ಬರುತ್ತಿಲ್ಲ ಎಂದು ಕೇಳಲು ಬಂದಿದ್ದರು. ನಾಳೆಯಿಂದ ಹತ್ತಿ ಬಿಡಿಸಬೇಕು. ಕಾಯಿ ಒಡೆದು ಹೊಲ ಬಿಳಿಯಾಗಿ ನಿಂತಿದೆ.

ಅವರ ಪಟ್ಟಿ ಎಂದರೆ ಏನೆಂದು ಆ ಕಂಪನಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಉಜ್ವಲಾ, ಯಾಕೆಂದರೆ ಅದಕ್ಕೆ ಬೇಕಾದ ವ್ಯವಸ್ಥೆ ಕಟ್ಟಿದವಳೇ ಅವಳು. ಶೆಜುಳರು ಹನ್ನೊಂದು ವರ್ಷದಿಂದ ಒಂದು ಹತ್ತಿಯ ಬೆನ್ನು ಹತ್ತಿದ್ದರು. ಮಳೆ ನಡುವೆ ಕೈಕೊಟ್ಟರೂ ಕಾಯಿ ಉದುರಿಸದ ಹತ್ತಿ. ಅಕ್ಕತಂಗಿಯರಂಥ ನಲವತ್ತು ಸಾಲುಗಳಲ್ಲಿ ಮೂರು ಮಾತ್ರ, ಹೋದ ಎರಡು ಬರದ ವರ್ಷಗಳಲ್ಲಿ, ಕಾಯಿ ಹಿಡಿದು ನಿಂತಿದ್ದವು. ಆ ಮೂರು ಯಾವುವು ಎಂದು ಹೊಲದಲ್ಲಿ ಕೆಲಸ ಮಾಡುವ ಯಾರಿಗೂ ಗೊತ್ತಿರಬಾರದು. ಗೊತ್ತಿದ್ದರೆ ನೋಡುವವರ ಕಣ್ಣು ಅದರ ಕಡೆ ವಾಲುತ್ತದೆ, ಎಣಿಸುವವರ ಬೆರಳು ಎರಡು ಕಾಯಿ ಹೆಚ್ಚು ಎಣಿಸುತ್ತದೆ. ಅದಕ್ಕೆ ಪ್ರತಿ ಹಂಗಾಮಿಗೂ ಬೀಜದ ಪೊಟ್ಟಣಗಳಿಗೆ ಯಂತ್ರವೇ ಹೊಸ ನಂಬರು ಹಂಚುತ್ತಿತ್ತು. ಪೊಟ್ಟಣದ ಮೇಲೆ ಬಾರ್‌ಕೋಡ್, ಗಿಡದ ಚೀಟಿಯ ಮೇಲೆ ಬಾರ್‌ಕೋಡ್, ಹೆಸರು ಎಲ್ಲೂ ಇಲ್ಲ. ಯಾವ ನಂಬರು ಹೋದ ವರ್ಷದ ಯಾವ ಗಿಡದ ಮಗಳು ಎಂಬುದು ನಾಲ್ಕನೆಯ ಸರ್ವರಿಗೆ ಮಾತ್ರ ಗೊತ್ತು. ಅದನ್ನು ಬಿಡಿಸಿ ತೋರಿಸುವುದೇ ಆ ಪಟ್ಟಿ. ಈ ಕಟ್ಟುನಿಟ್ಟು ಶೆಜುಳರದೇ. ತಮ್ಮ ಕಣ್ಣನ್ನೂ ಅವರು ನಂಬುತ್ತಿರಲಿಲ್ಲ.

ಈ ವರ್ಷ ಆ ಮೂರು ಸಾಲಿನ ಬೀಜ ಬೇರೆ ತೆಗೆದು ಸರ್ಕಾರದ ಪರೀಕ್ಷೆಗೆ ಕಳಿಸಬೇಕಿತ್ತು. ಇನ್ನು ಹದಿನೆಂಟು ತಿಂಗಳಿಗೆ ಅವರಿಗೆ ನಿವೃತ್ತಿ.

ಉಜ್ವಲಾ ಏನನ್ನೂ ಮುಚ್ಚಿಡಲಿಲ್ಲ. ಲಕೋಟೆಯನ್ನು ಚೂರು ಮಾಡಿದ ಕೈ ಯಾರದೆಂಬುದನ್ನೂ ಹೇಳಿದಳು. ಶೆಜುಳರು ತಲೆಯ ಟವೆಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೇಳಿದರು.

"ನಾವು ಹೂವಿಗೆ ದಾರ ಕಟ್ತೀವಿ, ಬ್ಯಾರೆ ಹೂವಿನ ಹುಡಿ ಬೀಳದಂಗ, ತನಗ ತಾನ ಬೀಜ ಕಟ್ಲಿ ಅಂತ," ಅಂದರು. "ನಿಮ್ಮ ಯಂತ್ರಕ್ಕೂ ಹಂಗ ಮಾಡೀರಿ ಅನ್ನು."

"ಹೂವಿಗೆ ಗಿಡ ಆಸರ ಇರ್ತದ ಸರ್. ಇಲ್ಲಿ ಗಿಡಾನೂ ತಾನ, ಹೂವೂ ತಾನ."

"ಹಳೇ ವಹಿ ಅದಾವ ನನ್ನ ಹತ್ರ. ನಾಕು ವರ್ಷದ ಹಿಂದ ಕಾಗದ ಬಂದ್ ಮಾಡ್ರಿ ಅಂದ್ರಲ್ಲ, ಅಲ್ಲೀತನಕ."

ಆ ನಾಲ್ಕು ವರ್ಷದಲ್ಲೇ ಎರಡು ಬರಗಳೂ ಬಂದಿದ್ದವು.

ಅಷ್ಟರಲ್ಲಿ ಜಹಾಗೀರದಾರ ಬಂದ. ಜರಿಯಂಚಿನ ಕುರ್ತಾ, ಕೈತುಂಬ, ಬನ್ನಿಯ ಬದಲು ಇಲ್ಲಿ ಹಂಚುವ ಆಪಟೆಯ ಎಲೆ. ಬಂಗಾರ ತಗೊಂಡು ಬಂಗಾರದಂಗ ಇರ್ರಿ ಎನ್ನುತ್ತ ಶೆಜುಳರಿಗೆ ಎರಡು ಎಲೆ ಕೊಟ್ಟು ಕಾಲು ಮುಟ್ಟಿದ. ಉಜ್ವಲಾಳ ಮೇಜಿನ ಮೇಲೆ ಎರಡು ಎಲೆ ಇಟ್ಟ. ಸುದ್ದಿ ಕೇಳಿದ ಮೇಲೂ ಅವನ ಮುಖ ಅಷ್ಟೇನೂ ಬಾಡಲಿಲ್ಲ. ಪರದೆಯ ಮೇಲೆ ಏಳಕ್ಕೆ ಏಳೂ ಹಸಿರಿತ್ತು, ಅದರ ಚಿತ್ರ ತನ್ನ ಫೋನಿನಲ್ಲಿದೆ, ಪ್ರಮಾಣಪತ್ರವೂ ಗೋಡೆಯ ಮೇಲಿದೆ ಎಂದ. ಡಿಸ್ಕ್ ಕೆಟ್ಟದ್ದು ಪೂಜೆಗೆ ಆರಿಸಿದ್ದರಿಂದ, ಅದು ಶೇಠರ ಮಾತು, ಅದಕ್ಕೆ ಯಾರೇನು ಮಾಡಲಾಗುತ್ತದೆ? ಇನ್ನು ಕೀಲಿ ಕಾಯುವುದು ಕಂಪ್ಯೂಟರ್ ವಿಭಾಗದ ಕೆಲಸ.

"ಪೂಜಾ ಮಾಡಿದ್ದಕ್ಕ ಸತ್ತಿಲ್ಲ ಅದು," ಅಂದಳು ಉಜ್ವಲಾ. "ಎಂಟು ವರ್ಷ ತಿರುಗಿ ಸತ್ತದ. ಇವತ್ತಲ್ಲ ನಾಳೆ ಸಾಯೂದ. ಸತ್ತಾಗ ಇರಲಿ ಅಂತನ ಕೀಲಿ ಹೊರಗ ಇಟ್ಟಿದ್ದೆ. ನೀವು ತಗೀರಿ ಅಂದ್ರಿ."

"ನಾ ಅಂದೆ? ಬರವಣಿಗಿಯೊಳಗ ಅದ ಏನು?"

ಅವನ ಆಜ್ಞೆ ಇಮೇಲಿನಲ್ಲಿತ್ತು. ಇಮೇಲು ಮೊದಲನೆಯ ಸರ್ವರಿನಲ್ಲಿತ್ತು. ಅದರ ನಕಲು ಗೋದಾಮಿನಲ್ಲಿ, ಅದೇ ಕೀಲಿಯ ಹಿಂದೆ, ಸುರಕ್ಷಿತವಾಗಿತ್ತು. ಅವನಿಗೂ ಆ ಗಳಿಗೆಯಲ್ಲೇ ಅದು ಹೊಳೆದದ್ದು ಅವನ ಕಣ್ಣಿನಲ್ಲಿ ಕಂಡಿತು. ಅದೊಂದು ನೋಟವನ್ನು ಅವಳು ಮುಂದೆ ಬಹಳ ದಿನ ಮರೆಯಲಿಲ್ಲ. ಮೇಜಿನ ಮೇಲಿನ ಆಪಟೆಯ ಎಲೆಗಳನ್ನು ಬೆರಳ ತುದಿಯಿಂದ ಅವನ ಕಡೆ ಸರಿಸಿದಳು.

ಕೆಟ್ಟ ಎರಡು ಡಿಸ್ಕುಗಳನ್ನು ಮುಂಬಯಿಗೆ ಕಳಿಸಿದರು. ಹಾಳಾದ ಡಿಸ್ಕುಗಳಿಂದ ಬರಹ ಎತ್ತುವವರು ಅಲ್ಲಿದ್ದಾರೆ. ಅವರು ಒಂದು ವಾರ ಕೇಳಿದರು. ಹತ್ತಿ ವಾರ ಕಾಯುವುದಿಲ್ಲ. ಒಡೆದ ಕಾಯಿಯ ಮೇಲೆ ಒಂದು ಮಳೆ ಬಿದ್ದರೆ ಬೀಜ ಗಿಡದಲ್ಲೇ ಮೊಳೆಯುತ್ತದೆ. ಶೆಜುಳರು ಉಳಿದ ಹೊಲವನ್ನೆಲ್ಲ ಬಿಡಿಸಲು ಹೇಳಿ, ನಲವತ್ತು ಸಾಲನ್ನು ಮಾತ್ರ ನಿಲ್ಲಿಸಿ, ದಿನಾ ಆಕಾಶ ನೋಡುತ್ತ ಕೂತರು. ಉಜ್ವಲಾ ಆ ವಾರವೆಲ್ಲ ಹುಡುಕಿದಳು. ತನ್ನ ಹಳೆಯ ವಹಿಗಳು, ಕೈಚೀಲ, ಮನೆಯ ಕಪಾಟು. ಕೀಲಿಯ ಅಕ್ಷರಗಳನ್ನು ಒಮ್ಮೆಯಾದರೂ ಎಲ್ಲಿಯಾದರೂ ಗೀಚಿಕೊಂಡಿರಬಹುದೇ? ಗೀಚಿಕೊಂಡಿರಲಿಲ್ಲ. ತಾನು ಅಷ್ಟು ಅಚ್ಚುಕಟ್ಟಿನವಳಾದದ್ದಕ್ಕೂ ಅವಳಿಗೆ ಸಿಟ್ಟು ಬಂತು.

ಎಂಟನೆಯ ದಿನ ಮುಂಬಯಿಯಿಂದ ಉತ್ತರ ಬಂತು. ಸದ್ದು ಮಾಡುತ್ತಿದ್ದ ಡಿಸ್ಕಿನ ಮೇಲ್ಮೈಯನ್ನು ಅದರದೇ ಸೂಜಿ ಕೆರೆದುಹಾಕಿದೆ. ಇನ್ನೊಂದು ತಿರುಗುವುದೇ ಇಲ್ಲ. ಆಗುವುದಿಲ್ಲ.

ಆ ಮಧ್ಯಾಹ್ನ ಶೇಠರು ಮೂವರನ್ನೂ ಕರೆಸಿದರು. ಮುಂದೆ ಜಹಾಗೀರದಾರ ಬರೆದ ಎರಡು ಪುಟದ ವರದಿ. ಅದರಲ್ಲಿ ಡಿಸ್ಕಿನ ವಯಸ್ಸಿತ್ತು, ಖಂಡೇನವಮಿ ಇತ್ತು, ಕೀಲಿಯು ಕುಮಾರಿ ಡೋಂಗರದಿವೆಯವರ ವಶದಲ್ಲಿತ್ತು ಎಂಬ ವಾಕ್ಯವಿತ್ತು. ಕೆಳಗೆ ಅವಳ ಸಹಿಗೆ ಜಾಗ ಬಿಟ್ಟಿದ್ದ. ಶೇಠರು ಕನ್ನಡಕ ಸರಿಸಿ, ಸಹಿ ಮಾಡಿ ಮುಗಿಸಿಬಿಡಮ್ಮ, ಆದದ್ದು ಆಗಿಹೋಯಿತು ಎಂಬರ್ಥದಲ್ಲಿ ಏನೋ ಅಂದರು.

ಉಜ್ವಲಾ ಕೈಚೀಲದಿಂದ ಒಂದು ಕಾಗದ ತೆಗೆದು ಅವರ ಮುಂದಿಟ್ಟಳು. ಪ್ರಮಾಣಪತ್ರದ ಪರೀಕ್ಷಕರು ಮಾರ್ಚಿನಲ್ಲಿ ಆ ಫಾರ್ಮಿನ ಒಂದು ಪ್ರತಿಯನ್ನು ತಮ್ಮ ಕಡತಕ್ಕೆಂದು ನಾಗಪುರಕ್ಕೆ ಒಯ್ದಿದ್ದರು. ಮೂರು ದಿನ ಫೋನು ಮಾಡಿ ಕಾಡಿ ಅದರ ನಕಲು ತರಿಸಿದ್ದಳು. ಏಳರಲ್ಲಿ ಏಳು ಎಂಬ ಮನೆಯ ಕೆಳಗೆ ಜಹಾಗೀರದಾರನ ಓರೆ ಅಕ್ಷರದಲ್ಲಿ ಒಂದು ಸಾಲು: ಏಳನೆಯ ಸರ್ವರಿಗೂ ಬ್ಯಾಕಪ್ ಇರುವುದರಿಂದ ಕೀಲಿಯ ಕಾಗದ ಹಾಗೂ ಪೆನ್‌ಡ್ರೈವ್ ಪ್ರತಿಗಳನ್ನು ನನ್ನ ಸಮಕ್ಷಮ ನಾಶಪಡಿಸಲಾಗಿದೆ.

ಶೇಠರು ಎರಡು ಸಲ ಓದಿದರು. ಜಹಾಗೀರದಾರ ಕಿಟಕಿಯ ಕಡೆ ನೋಡುತ್ತಿದ್ದ.

"ಇದಕ್ಕ ಇಬ್ಬರ ಸಹೀ ಅದಲ್ಲ," ಅಂದರು ಶೇಠರು.

"ಅದ. ನಂದೂ ಅದ," ಅಂದಳು ಉಜ್ವಲಾ. ಅವಳ ದನಿ ಏರಲಿಲ್ಲ. "ನನ್ನ ತಪ್ಪು ಆ ಕಾಗದದ ಮ್ಯಾಲ ಅದ, ಅದನ್ನ ನಾ ಒಪ್ಪಕೋತೀನಿ. ಈ ಎರಡು ಪುಟದಾಗ ಇರೂದು ನನ್ನ ತಪ್ಪಲ್ಲ. ಇದಕ್ಕ ಸಹೀ ಮಾಡೂದಿಲ್ಲ."

ಶೇಠರು ಶೆಜುಳರ ಕಡೆ ತಿರುಗಿ, ಮುಂದೇನು ಎಂದು ಕೇಳಿದರು. ಸಾಲು ನೋಡಿ ನಿಮಗೆ ಗುರುತು ಹತ್ತುವುದಿಲ್ಲವೇ, ಹನ್ನೊಂದು ವರ್ಷ ಸಾಕಿದ ಹತ್ತಿಯಲ್ಲವೇ?

"ಮಳಿ ಚಲೋ ಆದ ವರ್ಷ ಒಳ್ಳೆ ಮಗಾನೂ ಕೆಟ್ಟ ಮಗಾನೂ ಒಂದ ಥರಾ ಕಾಣ್ತಾರ, ಶೇಠಜೀ," ಅಂದರು ಶೆಜುಳ. "ಬರ ಬಿದ್ದಾಗ ತಿಳೀತದ ಯಾರು ಯಾರಂತ. ಈ ವರ್ಷ ಮಳಿ ಭಾಳ ಚಲೋ ಆಗೇದ."

ಹಾಗಾದರೆ ನಲವತ್ತನ್ನೂ ಬೇರೆ ಬೇರೆ ಬಿಡಿಸಿ, ಬೇರೆ ಬೇರೆ ಇಟ್ಟು, ಮತ್ತೆ ಎರಡು ಹಂಗಾಮು ನೀರು ತಪ್ಪಿಸಿ ಬೆಳೆದು ನೋಡಬೇಕು. ಎರಡು ಹಂಗಾಮು ಮುಗಿಯುವ ಹೊತ್ತಿಗೆ ಶೆಜುಳರು ಈ ಕಂಪನಿಯಲ್ಲಿ ಇರುವುದಿಲ್ಲ. ಶೇಠರು ಹ್ಞೂಂ ಎಂದರು. ಜಹಾಗೀರದಾರನ ಎರಡು ಪುಟಗಳನ್ನು ಮಡಚಿ ಡ್ರಾಯರಿಗೆ ಹಾಕಿದರು. ಯಾರನ್ನೂ ಬೈಯಲಿಲ್ಲ. ಹೊಸ ಯಂತ್ರ ತರಿಸಿ, ಪ್ರಮಾಣಪತ್ರ ಮಾತ್ರ ಹೋಗಬಾರದು ಎಂದರು.

ಮರುದಿನ ಬೆಳಿಗ್ಗೆ ಉಜ್ವಲಾ ಮಂಠಾ ರಸ್ತೆಯ ಹೊಲಕ್ಕೆ ಹೋದಳು. ಬಗಲಲ್ಲಿ ದಪ್ಪ ರಟ್ಟಿನ ಹೊಸ ವಹಿ, ನಡುವೆ ಕಾರ್ಬನ್ ಹಾಳೆಗಳು. ಅವನ್ನು ಜಾಲನಾದ ನಾಲ್ಕು ಅಂಗಡಿ ಸುತ್ತಿ, ಕೊನೆಗೆ ಕೋರ್ಟಿನ ಎದುರಿನ ಬೆರಳಚ್ಚುಗಾರನ ಹತ್ತಿರ ಬೇಡಿ ತಂದಿದ್ದಳು. ಒಂದು ಪ್ರತಿ ಹೊಲದಲ್ಲಿ, ಒಂದು ಪ್ರತಿ ಶೆಜುಳರ ಮನೆಯಲ್ಲಿ, ಇನ್ನೊಂದು ಔರಂಗಾಬಾದಿನಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿ. ಮೂರನೆಯದನ್ನು ಯಾವ ಫಾರ್ಮೂ ಕೇಳಿರಲಿಲ್ಲ.

ಬಿಡಿಸುವ ಹೆಂಗಸರು ಸಾಲಿಗೊಬ್ಬರಂತೆ ನಿಂತರು. ಸೊಂಟಕ್ಕೆ ಕಟ್ಟಿದ ಜೋಳಿಗೆ ಒಂದು ಸಾಲು ಮುಗಿದ ಕೂಡಲೇ ಪೂರ್ತಿ ಝಾಡಿಸಿಯೇ ಮುಂದಿನ ಸಾಲಿಗೆ ಕಾಲಿಡಬೇಕು, ಒಂದು ಎಳೆಯೂ ಸಾಲು ದಾಟಬಾರದು ಎಂದು ಶೆಜುಳರು ಅಪ್ಪಣೆ ಮಾಡಿದ್ದರು. ಈ ಮುದುಕನಿಗೆ ಹತ್ತಿಯೂ ಒಂದೇ, ವಜ್ರದ ಹರಳೂ ಒಂದೇ ಎಂದು ಒಬ್ಬಳು ಗೊಣಗಿದಳು, ಉಳಿದವರು ನಕ್ಕರು. ಶೆಜುಳರು ಸಾಲಿನಿಂದ ಸಾಲಿಗೆ ನಡೆಯುತ್ತ ಎತ್ತರ, ಎಲೆಯ ಸೀಳು, ಕಾಯಿಯ ಎಣಿಕೆ ಹೇಳುತ್ತಿದ್ದರು. ಅವಳು ಒತ್ತಿ ಬರೆಯುತ್ತಿದ್ದಳು, ಮೂರನೆಯ ಹಾಳೆಯವರೆಗೆ ಮೂಡಲೆಂದು. ಬೆರಳು ಜೋಮು ಹಿಡಿಯಿತು.

ಹದಿನಾಲ್ಕನೆಯ ಸಾಲಿನಲ್ಲಿ ಶೆಜುಳರು ನಿಂತು ಒಂದು ಗಿಡದ ಕೊಂಬೆಯನ್ನು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಇದೇ ಇರಬೇಕು ಅನಿಸುತ್ತದೆಯೇ ಎಂದು ಉಜ್ವಲಾ ಮೆಲ್ಲಗೆ ಕೇಳಿದಳು.

"ಅನಸ್ತದ," ಅಂದರು ಅವರು. "ಅನಸಿದ್ದನ್ನ ಬರೀಬ್ಯಾಡ."

ಅವಳು ಬರೆಯಲಿಲ್ಲ. ತನ್ನ ಕಣ್ಣನ್ನೇ ನಂಬದ ಈ ಮನುಷ್ಯ ತನ್ನ ಹನ್ನೊಂದು ವರ್ಷವನ್ನು ಯಂತ್ರದ ಕೈಗೆ ಕೊಟ್ಟದ್ದು, ಅದನ್ನು ಕಾಯುವವಳು ಉಜ್ವಲಾ ಎಂಬ ನಂಬಿಕೆಯಿಂದ.

ಊಟದ ಹೊತ್ತಿಗೆ ಕಂಪನಿಯ ಜೀಪು ಬದುವಿನ ಮೇಲೆ ಬಂದು ನಿಂತಿತು. ಜಹಾಗೀರದಾರ ಶೂಸಿಗೆ ಕೆಸರು ಹತ್ತದ ಹಾಗೆ ಕಾಲು ಎತ್ತಿಟ್ಟು ಬಂದ. ಹೊಸ ಯಂತ್ರ ಬೆಳಿಗ್ಗೆ ಬಂತು, ಪುಣೆಯವರು ದೂರದಿಂದಲೇ ಎಲ್ಲ ಹಾಕುತ್ತಿದ್ದಾರೆ, ಪ್ರಮಾಣಪತ್ರದವರಿಗೆ ಸಂಜೆಯೊಳಗೆ ಫಾರ್ಮು ಕಳಿಸಬೇಕು ಎಂದ. ದನಿ ಮೆತ್ತಗಿತ್ತು. ಫಾರ್ಮನ್ನು ಅವನೇ ತುಂಬಿ ತಂದಿದ್ದ. ಅವಳ ಸಹಿಯೊಂದು ಬಾಕಿ.

ಉಜ್ವಲಾ ಫಾರ್ಮು ತೆಗೆದುಕೊಂಡಳು. ಒಟ್ಟು ಸರ್ವರುಗಳು: ಏಳು. ಬ್ಯಾಕಪ್ ಆಗುವವು: ಏಳು.

ಒಂದು ಕ್ಷಣ ಅದನ್ನು ಹರಿದು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಮಾರ್ಚಿನಲ್ಲೂ ಹೀಗೇ ಅನಿಸಿ ಆಮೇಲೆ ಸಹಿ ಹಾಕಿದ್ದಳು. ಈ ಸಲ ಫಾರ್ಮನ್ನು ವಹಿಯ ರಟ್ಟಿನ ಮೇಲೆ ಹರಡಿದಳು. ಎರಡನೆಯ ಏಳನ್ನು ಒಂದೇ ಗೆರೆಯಿಂದ ಹೊಡೆದು, ಕೆಳಗೆ ಓದಲು ಬರುವಂತೆಯೇ ಬಿಟ್ಟು, ಪಕ್ಕದಲ್ಲಿ ಆರು ಎಂದು ಬರೆದಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಏಳನೆಯದನ್ನು ಅದೇ ಕಾಯುವಂತಿಲ್ಲ. ಕೀಲಿ ಮೂರು ಕಡೆ, ಕಾಗದದ ಮೇಲೆ, ಈ ಆವರಣದ ಹೊರಗೆ. ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದ ಮೇಲೆ ಬಿಚ್ಚಿ ನೋಡತಕ್ಕದ್ದು. ಆಮೇಲೆ ತಾರೀಖು, ಸಹಿ.

"ಕೆಂಪು ಗೆರಿ ಬೀಳ್ತದ ತಾಈ," ಅಂದ ಜಹಾಗೀರದಾರ.

"ಬೀಳ್ಲಿ. ಅಳಿಸಿದ್ರ ನನ್ನ ಸಹೀನೂ ಅಳಿಸ್ರಿ. ಮತ್ತ ಇದರ ಫೋಟೋ ತಗದು ನಾ ನಾಗಪುರಕ್ಕ ಕಳಸ್ತೀನಿ, ಈಗ."

ಫೋನು ತೆಗೆದು ಅವನೆದುರಿಗೇ ಕಳಿಸಿದಳು. ಅವನು ಫಾರ್ಮನ್ನು ಎರಡು ಬೆರಳಲ್ಲಿ ಹಿಡಿದು ಶೆಜುಳರ ಕಡೆ ನೋಡಿದ, ಹಿರಿಯರು ಏನಾದರೂ ಹೇಳಿ ತಿದ್ದಿಯಾರು ಎಂಬಂತೆ. ಶೆಜುಳರು ಜೋಳದ ಭಾಕರಿಯ ಮೇಲೆ ಮೆಣಸಿನಕಾಯಿ ಠೇಚಾ ಹಚ್ಚಿಕೊಳ್ಳುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಜೀಪು ಹಿಂದೆ ಸರಿದು, ತಿರುಗಿ, ಹೊರಟುಹೋಯಿತು.

ಪೂರ್ವದ ಕಡೆ ಮೋಡ ಕಟ್ಟಿತ್ತು. ಇಪ್ಪತ್ತಾರು ಸಾಲು ಉಳಿದಿದ್ದವು. ಶೆಜುಳರು ಕೈ ತೊಳೆದು ಟವೆಲು ತಲೆಗೆ ಸುತ್ತಿಕೊಂಡರು.

"ಹದಿನೈದನೇ ಸಾಲು," ಅಂದರು. "ಬರಕೋ ಪೋರಿ. ಒತ್ತಿ ಬರಿ."